40 ಜನರ ಮನೆ ಮದುವೆ ಶೂಟ್ ಮಾಡೋದು ಹೇಗೆ: ಮೊದಲ ಫೋನಿಂದ ಕೊನೆ ಹಾರ್ಡ್ ಡಿಸ್ಕ್‌ವರೆಗೂ

ಕಳೆದ ಸೀಸನ್ನಲ್ಲಿ ನಾಲ್ಕೈದು ಹುಡುಗ್ರು ತಾವು ಮಾಡಿದ ಮೊದಲ ಚಿಕ್ಕ ಮದುವೆ ಫೋಟೋಗಳನ್ನ ತಂದು ತೋರಿಸಿದ್ರು. ಎಲ್ಲರದ್ದೂ ಒಂದೇ ಕಥೆ. ಜೋಡಿ ಹೇಳಿರತ್ತೆ ನಮಗೆ ಛತ್ರದ ಥರ ಬೇಡ, ಸ್ಟೇಜ್ ಬೇಡ, ಸಾಲಾಗಿ ನಿಲ್ಲಿಸೋದು ಬೇಡ ಅಂತ, ಇವ್ರು ತಲೆ ಆಡಿಸಿ ಬಂದಿರ್ತಾರೆ, ಆದ್ರೆ ಫೋಟೋ ನೋಡಿದ್ರೆ ಅದೇ ಫ್ಲ್ಯಾಶ್ ಹೊಡೆದ ಮುಖ, ಅದೇ ಕ್ಯಾಮೆರಾ ನೋಡಿ ನಗ್ತಿರೋ ಚಿಕ್ಕಪ್ಪ, ಹಿಂದುಗಡೆ ಗೋಡೆ ಮೇಲೆ ಗಡಿಯಾರ ಮತ್ತೆ ಗ್ಯಾಸ್ ಏಜೆನ್ಸಿ ಕ್ಯಾಲೆಂಡರ್. ಛತ್ರದ ಅಭ್ಯಾಸನ ಹಾಗೇ ಹೊತ್ಕೊಂಡು ಮನೆ ಹಾಲ್‌ಗೆ ಬಂದ್ರೆ ಇದೇ ಆಗೋದು.

800 ಜನ ಇರೋ ಛತ್ರದಲ್ಲಿ ನೀವು ಎಲ್ಲಿ ನಿಂತ್ರೂ ಯಾರೂ ತಲೆ ಕೆಡಿಸ್ಕೊಳಲ್ಲ. 40 ಜನ ಇದ್ದಾಗ ನೀವು ಕೆಮ್ಮಿದ್ರೂ ಎಲ್ಲರಿಗೂ ಕೇಳತ್ತೆ. ಅದಕ್ಕೇ ಇಲ್ಲಿ ಅರ್ಧ ಕೆಲಸ ಕ್ಯಾಮೆರಾ ಆನ್ ಮಾಡೋಕೂ ಮುಂಚೆನೇ ಮುಗಿದಿರಬೇಕು. ಕೆಳಗಿನದನ್ನ ಇದೇ ಆರ್ಡರ್‌ನಲ್ಲಿ ಮಾಡಿ, ಮಧ್ಯದಲ್ಲಿ ಒಂದು ಹಾರಿಸಿದ್ರೆ ಮುಂದಿನದು ಕೈ ಕೊಡತ್ತೆ.

## 1. ಮೊದಲು ಕೂತು ಮಾತಾಡಿ, ರೇಟ್ ಆಮೇಲೆ

ಮದುವೆಗೆ ಮೂರು ನಾಲ್ಕು ವಾರ ಇದ್ದಂಗೆ ಇಬ್ಬರನ್ನೂ ಒಟ್ಟಿಗೆ ಭೇಟಿ ಮಾಡಿ, ಒಬ್ಬರ ಜೊತೆ ಮಾತ್ರ ಮಾತಾಡ್ಬೇಡಿ. ಯಾವ ಥರ ಫೋಟೋ ಬೇಕು ಅಂತ ಕೇಳಿದ್ರೆ ಇನ್‌ಸ್ಟಾದಿಂದ ಇನ್ನೂರು ಸ್ಕ್ರೀನ್‌ಶಾಟ್ ಕಳಿಸ್ತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ಇದನ್ನ ಕೇಳಿ: ಯಾವ ಆಚರಣೆ ಇಟ್ಕೊಂಡಿದ್ದೀರಿ, ಯಾವುದು ಬಿಟ್ಟಿದ್ದೀರಿ, ಬಿಟ್ಟಿದ್ದಕ್ಕೆ ಮನೇಲಿ ಯಾರಿಗೆ ಬೇಜಾರಾಗಿದೆ? ಯಾರ ಪಕ್ಕ ಯಾರನ್ನ ನಿಲ್ಲಿಸಬಾರದು? ಈ ವರ್ಷ ಯಾರಾದ್ರೂ ತೀರ್ಕೊಂಡಿದಾರಾ? ಕೊನೆ ಪ್ರಶ್ನೆ ಕೇಳೋಕೆ ಮುಜುಗರ ಆಗತ್ತೆ, ಆದ್ರೂ ಕೇಳಿ. ಯಾಕಂದ್ರೆ ಧಾರೆ ಹೊತ್ತಲ್ಲಿ ಅಮ್ಮ ಗೋಡೆ ಮೇಲಿನ ಫೋಟೋ ಕಡೆ ಒಂದ್ಸಲ ನೋಡ್ತಾರೆ, ಆ ಒಂದು ಸೆಕೆಂಡಿಗೆ ನೀವು ಆ ಕಡೆ ನಿಂತಿರಬೇಕು.

ಇನ್ನೊಂದು ವಿಷ್ಯ ಬರವಣಿಗೆಯಲ್ಲೇ ತಗೊಳ್ಳಿ, ಫೋಟೋ ಹೊರಗೆ ಹಾಕ್ಬಹುದಾ, ಹಾಕೋದಾದ್ರೆ ಯಾವಾಗಿಂದ. ಚಿಕ್ಕ ಮದುವೆ ಮಾಡ್ಕೊಳ್ಳೋರಲ್ಲಿ ತುಂಬಾ ಜನ ಜಾತಿ ಅಥವಾ ಧರ್ಮ ಮೀರಿ ಮದುವೆ ಆಗ್ತಿರ್ತಾರೆ, ಅವರ ಒಂದು ಸ್ಟೋರಿ ಅದೇ ಸಂಜೆ ಹಾಕಿ ಲೊಕೇಶನ್ ಟ್ಯಾಗ್ ಮಾಡಿದ್ರೆ ಅದು ಲೈಕ್ ವಿಷ್ಯ ಅಲ್ಲ, ಅವರ ಜೀವದ ವಿಷ್ಯ. ಅವ್ರು ಹಾಕಿ ಅನ್ನೋವರೆಗೂ ಒಂದೇ ಒಂದು ಫೋಟೋನೂ ಹಾಕ್ಬೇಡಿ.

ಎಚ್ಚರಿಕೆ ಗಂಟೆ: ಮಾತೆಲ್ಲ ಅಪ್ಪನೇ ಆಡ್ತಿದ್ದು, ಜೋಡಿ ಸುಮ್ನೆ ಫೋನ್ ನೋಡ್ತಾ ಕೂತಿದ್ರೆ ಅವರಿಗೆ ಬೇಕಾಗಿರೋದು ನಾನ್ ಟ್ರೆಡಿಷನಲ್ ಶೂಟ್ ಅಲ್ಲ, ಕಮ್ಮಿ ರೇಟಲ್ಲಿ ಮಾಮೂಲಿ ಶೂಟ್. ಆಗ ಅದನ್ನೇ ಬಾಯ್ಬಿಟ್ಟು ಮಾತಾಡಿ ಒಪ್ಕೊಳ್ಳಿ ಇಲ್ಲಾ ಬಿಟ್ಬಿಡಿ.

## 2. ಮನೆ ನೋಡ್ಕೊಂಡು ಬನ್ನಿ, ಮುಹೂರ್ತದ ಟೈಮಿಗೇ

ಸಂಜೆ ಬಿಡುವಾದಾಗ ಹೋಗಿ ನೋಡಿ ಬಂದೆ ಅಂದ್ರೆ ನೋಡಿಲ್ಲ ಅಂತನೇ ಲೆಕ್ಕ. ಮುಹೂರ್ತ ಬೆಳಿಗ್ಗೆ 9ಕ್ಕೆ ಇದ್ರೆ 9ಕ್ಕೇ ಹೋಗಿ. ಅಭಿಜಿನ್ ಲಗ್ನ ಅಂದ್ರೆ ನಡು ಮಧ್ಯಾಹ್ನ, ಸೂರ್ಯ ನೆತ್ತಿ ಮೇಲಿರತ್ತೆ, ಅಂಗಳದಲ್ಲಿ ಕೂರಿಸಿದ್ರೆ ಕಣ್ಣಿನ ಕೆಳಗೆಲ್ಲ ಕಪ್ಪು ಗುಂಡಿ, ಅದ್ರ ಮೇಲೆ ಬಾಸಿಂಗದ ನೆರಳು ಬೇರೆ.

ತೊಟ್ಟಿ ಮನೆ ಆದ್ರೆ ನಿಮ್ಮ ಅದೃಷ್ಟ. ಬೆಳಕು ನಡುವಿನ ತೊಟ್ಟಿಯಿಂದ ಬರತ್ತೆ. ಜೋಡಿನ ತೊಟ್ಟಿ ಒಳಗೆ ಕೂರಿಸದೆ ಸುತ್ತಲಿನ ಜಗಲಿ ಅಂಚಲ್ಲಿ, ತೊಟ್ಟಿ ಕಡೆ ಮುಖ ಮಾಡಿ ಕೂರಿಸಿದ್ರೆ ಮೃದು ಬೆಳಕು ಮುಖಕ್ಕೆ ಬೀಳತ್ತೆ, ಹಿಂದೆ ತಾನಾಗೇ ಕತ್ತಲಾಗತ್ತೆ. ಆದ್ರೆ ಮಣೆ ಯಾವ ದಿಕ್ಕಿಗೆ ಹಾಕ್ಬೇಕು ಅಂತ ಪುರೋಹಿತರಿಗೆ ಅವರದ್ದೇ ಲೆಕ್ಕ ಇರತ್ತೆ, ದಿಕ್ಕು ಬದಲಾಯಿಸಿ ಅಂತ ಕೇಳೋಕೆ ಹೋಗ್ಬೇಡಿ. ಅದೇ ದಿಕ್ಕಲ್ಲಿ ಎರಡು ಅಡಿ ಹಿಂದೆ ಮುಂದೆ ಹಾಕ್ಬಹುದಾ ಅಂತ ಕೇಳಿ, ಹಾಕ್ತಾರೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಆದ್ರೆ ಬಾಲ್ಕನಿ ಬಾಗಿಲೇ ನಿಮ್ಮ ಸೂರ್ಯ. ಆ ಬಾಗಿಲಿಗೆ ಅಡ್ಡವಾಗಿ ಹೂವಿನ ಡೆಕೊರೇಶನ್ ಕಟ್ಟೋ ಪ್ಲಾನ್ ಇದೆಯಾ ಕೇಳಿ, ತೊಂಬತ್ತು ಪರ್ಸೆಂಟ್ ಇದ್ದೇ ಇರತ್ತೆ, ಅದನ್ನ ಪಕ್ಕದ ಗೋಡೆಗೆ ಹಾಕ್ಸಿ.

ಎಲ್ಲಕ್ಕಿಂತ ದೊಡ್ಡ ಶತ್ರು ಶಾಮಿಯಾನ. ಕೆಂಪು ಹಳದಿ ಬಟ್ಟೆ ಹಾಕಿದ್ರೆ ಬಿಸಿಲು ಅದ್ರ ಮೂಲಕ ಬಂದು ಎಲ್ಲರ ಮುಖನೂ ಕುಂಕುಮ ಚೆಲ್ಲಿದಂಗೆ ಆಗತ್ತೆ, ಎಡಿಟಿಂಗ್‌ನಲ್ಲಿ ಏನು ಮಾಡಿದ್ರೂ ಸರಿ ಹೋಗಲ್ಲ, ಮುಖ ಸರಿ ಮಾಡಿದ್ರೆ ಸೀರೆ ಬಣ್ಣ ಹಾಳು, ಸೀರೆ ಸರಿ ಮಾಡಿದ್ರೆ ಮುಖ ಹಸಿರು. ಬಿಳಿ ಬಟ್ಟೆ ಹಾಕಿ ಅಂತ ಒಂದು ವಾರ ಮುಂಚೆನೇ ಹೇಳಿ. ಬಿಳಿದು ಇಲ್ಲ ಅಂದ್ರೆ ಜೋಡಿ ಕೂರೋ ಜಾಗದ ಮೇಲಾದ್ರೂ ಬಿಳಿ ಪಂಚೆ ಕಟ್ಸಿ. ನಗಬೇಡಿ, ನಾನು ಎರಡು ಸಲ ಮಾಡಿಸಿದೀನಿ.

ಮನೇಲಿರೋ ಲೈಟೂ ನೋಡ್ಕೊಳ್ಳಿ. ಒಂದು ಕಡೆ ಬಿಳಿ ಟ್ಯೂಬ್‌ಲೈಟ್, ಇನ್ನೊಂದು ಕಡೆ ಹಳದಿ ಬಲ್ಬ್, ಕಿಟಕಿಯಿಂದ ನೀಲಿ ಬೆಳಕು ಅಂದ್ರೆ ಮೂರು ಬಣ್ಣ ಒಂದೇ ಮುಖದ ಮೇಲೆ. ಒಂದನ್ನ ಉಳಿಸಿ ಉಳಿದವನ್ನ ಆರಿಸಿ, ಸಾಮಾನ್ಯವಾಗಿ ಕಿಟಕಿನೇ ಉಳಿಸೋದು. ಯಾವ ಸ್ವಿಚ್ ಯಾವುದಕ್ಕೆ ಅಂತ ಫೋನಲ್ಲಿ ಫೋಟೋ ಹೊಡ್ಕೊಂಡು ಬನ್ನಿ, ಅವತ್ತು ಬೆಳಿಗ್ಗೆ ಯಾರನ್ನೂ ಕೇಳೋಕೆ ಆಗಲ್ಲ.

## 3. ಬ್ಯಾಗಲ್ಲಿ ಏನಿರಬೇಕು, ಏನು ಮನೇಲಿ ಬಿಡಬೇಕು

- ಎರಡು ಕ್ಯಾಮೆರಾ ಬಾಡಿ, ಒಂದೇ ಇದ್ರೆ ಇನ್ನೊಂದನ್ನ ಬಾಡಿಗೆಗೆ ತಗೊಳ್ಳಿ. ಸಾಧ್ಯ ಆದ್ರೆ ಎರಡು ಕಾರ್ಡ್ ಸ್ಲಾಟ್ ಇರೋದು, ಎರಡಕ್ಕೂ ಒಟ್ಟಿಗೆ ರೆಕಾರ್ಡ್ ಆಗೋ ಥರ ಸೆಟ್ ಮಾಡಿ.
- 35 ಎಂಎಂ ಮತ್ತೆ 85 ಎಂಎಂ ಲೆನ್ಸ್. ಬಜೆಟ್ ಕಮ್ಮಿನಾ, 35 ಮತ್ತೆ 50, ಎಫ್ 1.8 ಸಾಕು (ಎಫ್ ಅಂದ್ರೆ ಲೆನ್ಸ್ ಎಷ್ಟು ತೆರೆಯತ್ತೆ ಅನ್ನೋ ನಂಬರ್, ಚಿಕ್ಕದಾದಷ್ಟೂ ಬೆಳಕು ಜಾಸ್ತಿ).
- ಒಂದೇ ಒಂದು ಚಿಕ್ಕ ಫ್ಲ್ಯಾಶ್, ಸಂಜೆಗೆ ಮಾತ್ರ.
- ನಾಲ್ಕು ಬ್ಯಾಟರಿ, ಬ್ಲೋವರ್, ಲೆನ್ಸ್ ಬಟ್ಟೆ. ಹೋಮದ ಬೂದಿ ಮತ್ತೆ ತುಪ್ಪದ ಹೊಗೆ ಲೆನ್ಸ್ ಮೇಲೆ ಪದರ ಕಟ್ಟತ್ತೆ.
- ಸದ್ದಾಗದ, ಕಣ್ಣಿಗೆ ಹೊಡೆಯದ ಬಣ್ಣದ ಬಟ್ಟೆ. ಕಪ್ಪು ಬೇಡ, ಶುಭಕಾರ್ಯಕ್ಕೆ ಕಪ್ಪು ಹಾಕ್ಕೊಂಡು ಬಂದ ಅಂತ ಅಜ್ಜಿ ಒಂದ್ಸಲ ಅಂದುಬಿಟ್ರೆ ದಿನಪೂರ್ತಿ ಆ ಅಜ್ಜಿ ನಿಮಗೆ ಸಿಗಲ್ಲ.

ಮನೇಲಿ ಬಿಡಬೇಕಾದ್ದು: ಛತ್ರಿ ಲೈಟು, ದೊಡ್ಡ ಟ್ರೈಪಾಡ್, 70-200. ಅಷ್ಟು ದೊಡ್ಡ ಬಿಳಿ ಲೆನ್ಸ್ 12 ಅಡಿ ಹಾಲಲ್ಲಿ ತೋಪಿನ ಥರ ಕಾಣತ್ತೆ. ಹಾಗೇ ಸಾಕ್ಸ್ ಬಗ್ಗೆ ಒಂದು ಮಾತು, ಚಪ್ಪಲಿ ಹೊರಗೆ ಬಿಡ್ಲೇಬೇಕು, ಸಾಕ್ಸ್ ಹಾಕ್ಕೊಂಡೇ ರೆಡ್ ಆಕ್ಸೈಡ್ ನೆಲದ ಮೇಲೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ನಾನು ಪಾಯಸದ ಪಾತ್ರೆ ಪಕ್ಕಕ್ಕೇ ಬಿದ್ದಿದೀನಿ. ಬರಿಗಾಲಲ್ಲಿ ಓಡಾಡಿ.

ಫ್ಲ್ಯಾಶನ್ನ ಸೀಲಿಂಗಿಗೆ ಬೌನ್ಸ್ ಮಾಡ್ತೀನಿ ಬಿಡಿ ಅನ್ನೋರಿಗೆ: ಬಿಳಿ ಆರ್‌ಸಿಸಿ ಸೀಲಿಂಗ್ ಇದ್ರೆ ಸರಿ. ಮಲೆನಾಡಿನ ಹೆಂಚಿನ ಮನೆಯಲ್ಲಿ ಮೇಲೆ ಮರದ ಕಪ್ಪು ಅಟ್ಟ ಇರತ್ತೆ, ಬೆಳಕು ಹೋಗತ್ತೆ, ವಾಪಸ್ ಬರಲ್ಲ.

## 4. ಸೆಟ್ಟಿಂಗ್ ಬೆಳಿಗ್ಗೆನೇ ಮುಗಿಸಿ

ರಾ ಫೈಲ್‌ನಲ್ಲೇ (ಕ್ಯಾಮೆರಾ ಜೆಪೆಗ್ ಮಾಡದೆ ಇಡೋ ಮೂಲ ಫೈಲ್) ತೆಗೀರಿ, ಇದ್ರಲ್ಲಿ ವಾದ ಬೇಡ. ಶಟರ್ ಜನ ಓಡಾಡುವಾಗ 1/200 ಸೆಕೆಂಡಿಗಿಂತ ನಿಧಾನ ಬೇಡ, ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನೋ ನಂಬರ್) 3200, 6400ಗೆ ಹೋದ್ರೂ ಹೆದರ್ಬೇಡಿ, ಕಾಳು ಕಾಳಾಗಿರೋ ಫೋಟೋ ನಡೆಯತ್ತೆ, ಅಲುಗಾಡಿರೋ ಮುಖ ನಡೆಯಲ್ಲ.

ಅಪರ್ಚರ್‌ನಲ್ಲಿ ಎಲ್ಲರೂ ಎಡವೋದು ಒಂದೇ ಜಾಗದಲ್ಲಿ. 35 ಎಂಎಂ ಲೆನ್ಸ್ ಎಫ್ 2ರಲ್ಲಿ ಇಟ್ಕೊಂಡು ಒಂದೂವರೆ ಮೀಟರ್ ದೂರದಿಂದ ತೆಗೆದ್ರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಕ್ಯಾಮೆರಾದಲ್ಲಿ ಶಾರ್ಪ್ ಆಗಿರೋದು ಸುಮಾರು ಒಂದು ಗೇಣು ಅಷ್ಟೇ. ಹುಡುಗಿ ಮುಖ ಆ ಗೇಣಿನ ಒಳಗೆ, ಹುಡುಗ ಒಂದು ಹೆಜ್ಜೆ ಹಿಂದೆ, ಅವನ ಮುಖ ಮಬ್ಬು. ಇಬ್ಬರೂ ಬೇಕಂದ್ರೆ ಎಫ್ 2.8 ಇಂದ 4, ಒಬ್ಬರೇ ಸಾಕಂದ್ರೆ ಎಫ್ 2.

ಸೈಲೆಂಟ್ ಶಟರ್ ಅಂತ ಖುಷಿಯಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕ್ಕೊಂಡು ಬಂದವರ ಫೋಟೋ ತುಂಬಾ ಅಡ್ಡಡ್ಡ ಕಪ್ಪು ಪಟ್ಟಿ ಬಂದಿರತ್ತೆ. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಎಲ್‌ಇಡಿ ಮತ್ತೆ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗತ್ತೆ, ಕಣ್ಣಿಗೆ ಕಾಣಲ್ಲ ಆದ್ರೆ ಸೆನ್ಸರ್‌ಗೆ ಕಾಣತ್ತೆ. ಕಿಟಕಿ ಬೆಳಕಲ್ಲಿ ಸೈಲೆಂಟ್ ಹಾಕಿ, ಕೃತಕ ಬೆಳಕಲ್ಲಿ ಮೆಕ್ಯಾನಿಕಲ್‌ಗೆ ಬನ್ನಿ, ಕ್ಯಾಮೆರಾದಲ್ಲಿ ಆಂಟಿ ಫ್ಲಿಕರ್ ಇದ್ರೆ ಆನ್ ಮಾಡಿ, ಸೈಲೆಂಟೇ ಬೇಕು ಅನ್ನೋ ಜಾಗದಲ್ಲಿ 1/100 ಅಥವಾ 1/50. ಬಂದ ತಕ್ಷಣ ಒಂದು ಖಾಲಿ ಗೋಡೆ ಫೋಟೋ ತೆಗೆದು ಪಟ್ಟಿ ಇದೆಯಾ ನೋಡಿ, ಹತ್ತು ಸೆಕೆಂಡಿನ ಕೆಲಸ.

## 5. ಮೊದಲ ಅರ್ಧ ಗಂಟೆ ಕ್ಯಾಮೆರಾ ಬ್ಯಾಗಲ್ಲೇ ಇರಲಿ

ಇದನ್ನ ಹೇಳಿದ್ರೆ ಯಾರೂ ನಂಬಲ್ಲ. ಹೋಗಿ, ತಿಂಡಿ ತಿನ್ನಿ, ಉಪ್ಪಿಟ್ಟು ಚೆನ್ನಾಗಿದೆ ಅಂತ ಅಡುಗೆ ಮಾಡೋರಿಗೆ ಹೇಳಿ, ಯಾವ ಅತ್ತೆ ಜೋರು, ಯಾವ ಮಗು ಓಡಾಡತ್ತೆ, ಯಾರು ಮೂಲೇಲಿ ಒಬ್ಬರೇ ಕೂತಿದಾರೆ ನೋಡ್ಕೊಳ್ಳಿ. ಆಮೇಲೆ ಕ್ಯಾಮೆರಾ ತೆಗೆದು ಕುತ್ತಿಗೆಗೆ ಹಾಕ್ಕೊಂಡು ಇನ್ನೊಂದು ಹತ್ತು ನಿಮಿಷ ಸುಮ್ನೆ ಓಡಾಡಿ. ಅಷ್ಟೊತ್ತಿಗೆ ನೀವು ಮನೆಯವರಾಗಿರ್ತೀರಿ.

ಮೊದಲು ವಸ್ತುಗಳನ್ನ ತೆಗೀರಿ, ಜನ ಆಮೇಲೆ. ತಟ್ಟೇಲಿರೋ ತಾಳಿ, ಅರಿಶಿನದ ಕೊಂಬು, ಬಾಳೆ ಎಲೆ ಕಟ್ಟು, ಒಗೆಯೋ ಕಲ್ಲಿನ ಮೇಲೆ ಒಣಗ್ತಿರೋ ಪಂಚೆ. ನೀವು ಕ್ಯಾಮೆರಾ ತಮ್ಮ ಕಡೆ ತಿರುಗಿಸ್ತಿಲ್ಲ ಅಂತ ಗೊತ್ತಾದ್ರೆ ಜನ ಸಡಿಲ ಆಗ್ತಾರೆ.

ನೀವು ಹತ್ರ ಹೋದಾಗ ಹೆಂಗಸರು ಸೆರಗು ಸರಿ ಮಾಡ್ಕೋತಿದ್ರೆ, ಗಂಡಸರು ಹೊಟ್ಟೆ ಒಳಗೆ ಎಳ್ಕೋತಿದ್ರೆ ಇನ್ನೂ ಟೈಮ್ ಆಗಿಲ್ಲ ಅಂತ ಅರ್ಥ. ಕ್ಯಾಮೆರಾ ಇಳಿಸಿ, ಏನಾದ್ರೂ ಮಾತಾಡಿಸಿ. ಮಡೀಲಿರೋರನ್ನ ಮುಟ್ಟಬೇಡಿ, ಸ್ವಲ್ಪ ಸರೀರಿ ಅಂತ ಭುಜ ಹಿಡಿದು ಸರಿಸಿದ್ರೆ ಅವ್ರು ಮತ್ತೆ ಸ್ನಾನಕ್ಕೆ ಹೋಗ್ಬೇಕು, ಮುಹೂರ್ತ ತಪ್ಪಿದ ಶಾಪ ನಿಮಗೆ.

## 6. ಧಾರೆ, ತಾಳಿ, ಹೋಮ

ಛತ್ರದಲ್ಲಿ ನಮಗೆಲ್ಲ ಒಂದು ಸಹಾಯ ಇರತ್ತೆ, ಗಟ್ಟಿಮೇಳ. ವಾಲಗದ ಸದ್ದು ಏರಿತು ಅಂದ್ರೆ ತಾಳಿ ಅಂತ ಕೈ ತಾನಾಗೇ ಶಟರ್ ಒತ್ತತ್ತೆ. ಚಿಕ್ಕ ಮದುವೆಲಿ ಎಷ್ಟೋ ಸಲ ವಾಲಗನೇ ಇರಲ್ಲ. ಇದೇ ಕಾರಣಕ್ಕೆ ತಾಳಿ ಕಟ್ಟೋ ಫೋಟೋನೇ ಮಿಸ್ ಮಾಡಿದ ಇಬ್ಬರು ನನಗೆ ಗೊತ್ತು, ಒಬ್ಬ ಲೆನ್ಸ್ ಬದಲಾಯಿಸ್ತಿದ್ದ, ಇನ್ನೊಬ್ಬ ಅಂಗಳದಲ್ಲಿ ಮಗು ಫೋಟೋ ತೆಗೀತಿದ್ದ. ಬೆಳಿಗ್ಗೆನೇ ಪುರೋಹಿತರ ಹತ್ರ ಹೋಗಿ ನಮಸ್ಕಾರ ಮಾಡಿ, ತಾಳಿಗೆ ಎರಡು ನಿಮಿಷ ಮುಂಚೆ ಒಂದು ಸಲ ನನ್ನ ಕಡೆ ನೋಡಿ ಸ್ವಾಮಿ ಅಂತ ಕೇಳ್ಕೊಳ್ಳಿ, ಸಂತೋಷವಾಗಿ ನೋಡ್ತಾರೆ. ಆರ್ಡರ್ ಕೂಡ ಅವರಿಂದಲೇ ಬರೆಸ್ಕೊಳ್ಳಿ, ಅಂತರಪಟ ಯಾವಾಗ, ಧಾರೆ ಯಾವಾಗ, ಲಾಜಹೋಮ, ಸಪ್ತಪದಿ. ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ ಬೇರೆ ಇರತ್ತೆ, ನನಗೆಲ್ಲಾ ಗೊತ್ತು ಅನ್ಕೋಬೇಡಿ.

ಎಲ್ಲಿ ನಿಲ್ಲೋದು: ಅಂತರಪಟದ ಹೊತ್ತಲ್ಲಿ ಎಲ್ಲರೂ ಮುಂದೆ ನಿಂತು ಬಟ್ಟೆ ಎತ್ತೋದಕ್ಕೆ ಕಾಯ್ತಾರೆ. ನೀವು ಬಟ್ಟೆ ಅಂಚಿನ ಪಕ್ಕಕ್ಕೆ, ನೆಲಕ್ಕೆ ಕೂತ್ಕೊಳ್ಳಿ. ಒಂದೇ ಫ್ರೇಮಲ್ಲಿ ಎಡಕ್ಕೆ ಜೀರಿಗೆ ಬೆಲ್ಲ ಮುಚ್ಚಿಟ್ಕೊಂಡಿರೋ ಅವಳ ಕೈ, ಬಲಕ್ಕೆ ನಗು ತಡ್ಕೊಳೋಕೆ ಆಗದ ಅವನ ಮುಖ, ನಡುವೆ ಬಟ್ಟೆ. ಬಟ್ಟೆ ಎತ್ತೋ ಮುಂಚಿನ ಹತ್ತು ಸೆಕೆಂಡೇ ಬೇಕಾಗಿರೋದು. ತಾಳಿಗೆ ಹುಡುಗಿಯ ಎಡ ಅಥವಾ ಬಲ ಭುಜದ ಹಿಂದೆ ನಿಲ್ಲಿ, ಗಂಟು ಹಾಕೋ ಬೆರಳು ಮತ್ತೆ ಎದುರುಗಡೆ ಅಪ್ಪ ಅಮ್ಮನ ಮುಖ ಎರಡೂ ಸಿಗತ್ತೆ. ಅಕ್ಷತೆ ಬೀಳೋಕೆ ಶುರುವಾದಾಗ ಎಲ್ಲರೂ ಎದ್ದು ನಿಲ್ತಾರೆ, ಆಗ ನಿಂತ ಜಾಗ ಬಿಟ್ರೆ ವಾಪಸ್ ಸಿಗಲ್ಲ, ಅಲ್ಲೇ ಇರಿ.

ಹೋಮಕ್ಕೆ ಫ್ಲ್ಯಾಶ್ ಹಾಕ್ಬೇಡಿ, ಹೊಗೆಗೆ ಬಡಿದು ಬಿಳಿ ಪರದೆ ಥರ ಆಗತ್ತೆ. ಕಿಟಕಿಗೆ ಎದುರಾಗಿ ನಿಲ್ಲಿ, ಬೆಳಕು ಹೊಗೆ ಹಿಂದಿಂದ ಬಂದ್ರೆ ಕಿರಣ ಕಿರಣವಾಗಿ ಕಾಣತ್ತೆ. ಹೊಗೆಗೆ ಆಟೋಫೋಕಸ್ ಹುಡುಕಾಡತ್ತೆ, ಒಂದ್ಸಲ ಫೋಕಸ್ ಆದ್ಮೇಲೆ ಲಾಕ್ ಮಾಡ್ಕೊಳ್ಳಿ. ಎಕ್ಸ್‌ಪೋಶರ್ ಮುಖಕ್ಕೆ ಇಟ್ಕೊಳ್ಳಿ, ಫೋಟೋದಲ್ಲಿ ಬಿಳಿ ಪಂಚೆ ಒಂಚೂರು ಅತಿ ಬೆಳ್ಳಗಾದ್ರೂ ಪರವಾಗಿಲ್ಲ, ಆದ್ರೆ ಸೀರೆ ಜರಿ ಪೂರ್ತಿ ಬೆಳ್ಳಗಾದ್ರೆ ಒಂದು ಸ್ಟಾಪ್ ಇಳಿಸಿ, ಅಂದ್ರೆ ಬೆಳಕು ಅರ್ಧ ಮಾಡಿ. ಹೋಮಕುಂಡಕ್ಕೂ ಜೋಡಿಗೂ ನಡುವೆ ಯಾವ ಕಾರಣಕ್ಕೂ ದಾಟಬೇಡಿ. ಪುರೋಹಿತರು ಮಂತ್ರ ನಿಲ್ಲಿಸಿ "ಆಯ್ತಾಪ್ಪ ಫೋಟೋ?" ಅಂತ ನಿಮ್ಮನ್ನ ಕೇಳಿದ್ರು ಅಂದ್ರೆ ನೀವು ಸೋತಿದೀರಿ.

ಮಂತ್ರ ಮಾಂಗಲ್ಯ ಆದ್ರೆ ಹೋಮ ಹೊಗೆ ಏನೂ ಇರಲ್ಲ, ಜೋಡಿ ಎದ್ದು ನಿಂತು ಪ್ರತಿಜ್ಞೆ ಓದೋದೇ ಮುಖ್ಯ, ಬೇಗ ಮುಗಿಯತ್ತೆ. ಅಲ್ಲಿ ಮಾಡೋ ತಪ್ಪು ಅಂದ್ರೆ ಓದ್ತಿರೋರನ್ನೇ ಪೂರ್ತಿ ತೆಗೆಯೋದು, ತಲೆ ಬಗ್ಗಿಸಿ ಪುಸ್ತಕ ನೋಡ್ತಿರೋ 60 ಫೋಟೋ ಬರತ್ತೆ. ನಾಲ್ಕು ಸಾಕು. ಉಳಿದಿದ್ದು ಕೇಳ್ತಿರೋರ ಮುಖ.

ರಿಜಿಸ್ಟರ್ ಮದುವೆಗೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಫೋಟೋಗೆ ಒಪ್ಪಿಗೆ ಮುಂಚೆನೇ ಕೇಳಿ, ಒಬ್ಬರೇ ಒಳಗೆ ಹೋಗಿ. ಸ್ಪೆಶಲ್ ಮ್ಯಾರೇಜ್ ಆಕ್ಟ್ 1954ರ ಪ್ರಕಾರ ಆದ್ರೆ ನೋಟಿಸ್ ಕೊಟ್ಟು 30 ದಿನ ಕಾದಿರ್ತಾರೆ, ಮೂರು ಜನ ಸಾಕ್ಷಿ ಸಹಿ ಹಾಕ್ತಾರೆ, ಸಹಿ ಐದೇ ನಿಮಿಷ. ನಿಜವಾದ ಫೋಟೋಗಳು ಹೊರಗಿನ ಬೆಂಚಿನ ಮೇಲೆ ಕಾಯೋವಾಗ ಸಿಗ್ತವೆ, ಮಲ್ಲಿಗೆ ಮುಡ್ಕೊಂಡ ಹುಡುಗಿ, ಪಕ್ಕದಲ್ಲಿ ಸೈಟ್ ರಿಜಿಸ್ಟ್ರೇಶನ್‌ಗೆ ಫೈಲ್ ಹಿಡ್ಕೊಂಡು ಕೂತಿರೋ ಅಂಕಲ್. ಅಂಕಲ್ ಮುಖ ಗುರುತು ಸಿಗೋ ಥರ ತೆಗೀಬೇಡಿ, ಅವರೇನು ಮದುವೆಗೆ ಬಂದಿಲ್ಲ.

## 7. ಗ್ರೂಪ್ ಫೋಟೋ: 15 ನಿಮಿಷ, ಲಿಸ್ಟ್ ಹಿಡ್ಕೊಂಡು

ಜೋಡಿ ಬೇಡ ಅಂದ್ರೂ ತೆಗೀರಿ. ಅಜ್ಜಿಗೆ ಬೇಕು. ಲಿಸ್ಟ್ ಮೊದಲೇ ಮಾಡಿ, ಜೋರು ದನಿ ಇರೋ ಒಬ್ಬ ಕಸಿನ್ ಕೈಗೆ ಕೊಟ್ಟು ಹೆಸರು ಕೂಗಿಸಿ. ಜಗಲಿ ಮೆಟ್ಟಿಲ ಮೇಲೆ, ನೆರಳಲ್ಲಿ, ಎಫ್ 5.6. ಮುಗೀತು.

## 8. ಜೋಡಿಗೆ 20 ನಿಮಿಷ

ಹೆಚ್ಚು ಜನ ಕೆಡಿಸೋದು ಇಲ್ಲೇ. ಅಪ್ಪ ಅಮ್ಮ ಎದುರಿಗಿದ್ದಾಗ ನಮ್ಮ ಜೋಡಿಗಳು ಕೈ ಹಿಡಿಯೋಕೂ ನಾಚ್ಕೋತಾರೆ, ಅಂಥಾದ್ರಲ್ಲಿ ಹಣೆಗೆ ಹಣೆ ತಾಗಿಸಿ, ಕಣ್ಣು ಮುಚ್ಚಿ ಅಂದ್ರೆ ಇಬ್ಬರೂ ಕಟ್ಟಿಗೆ ಥರ ನಿಲ್ತಾರೆ. ಮೊದಲು ಮನೆಯವರಿಂದ ದೂರ ಕರ್ಕೊಂಡು ಹೋಗಿ, ಹಿತ್ತಲು, ಮಾಳಿಗೆ, ತೋಟ, ಎಲ್ಲಾದ್ರೂ ಸರಿ. ಯಾರನ್ನೂ ಜೊತೆಗೆ ಬರೋಕೆ ಬಿಡ್ಬೇಡಿ, ರೀಲ್ಸ್ ಮಾಡೋ ತಂಗಿನೂ ಬೇಡ.

ಪೋಸ್ ಹೇಳ್ಬೇಡಿ, ಕೆಲಸ ಹೇಳಿ. ಅವಳ ಮುಡಿಯಲ್ಲಿ ಸಿಕ್ಕೊಂಡಿರೋ ಅಕ್ಷತೆ ಕಾಳು ಒಂದೊಂದೇ ತೆಗಿ ಅಂತ ಅವನಿಗೆ ಹೇಳಿ, ಎರಡು ನಿಮಿಷ ನೀವೇನೂ ಮಾತಾಡೋದೇ ಬೇಡ. ಅವನ ಬಾಸಿಂಗದ ದಾರ ಬಿಚ್ಚು ಅಂತ ಅವಳಿಗೆ ಹೇಳಿ. ಇಬ್ಬರಿಗೂ ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲ್ಲ, ಒಂದು ಲೋಟ ಕಾಫಿ ಕೊಟ್ಟು ಹಂಚ್ಕೊಂಡು ಕುಡೀರಿ ಅನ್ನಿ. ಇದೆಲ್ಲ ಟ್ರಿಕ್ ಅಲ್ಲ, ಅವ್ರಿಗೆ ನಿಜವಾಗ್ಲೂ ಆ ಹೊತ್ತಿಗೆ ಬೇಕಾಗಿರೋ ಕೆಲಸಗಳೇ, ಅದಕ್ಕೇ ಫೋಟೋ ನಿಜ ಅನ್ಸತ್ತೆ.

ಇನ್ನು ಬೇರೆ ಥರ ಅಂತ ಪ್ರಯೋಗ ಮಾಡೋದಾದ್ರೆ ಒಂದು ಮದುವೆಗೆ ಎರಡೇ ಪ್ರಯೋಗ. ನನಗೆ ಇಷ್ಟ ಆಗಿರೋದು ಇವು:

ಕಿಟಕಿ ಸರಳಿನ ಆಚೆಯಿಂದ 85ರಲ್ಲಿ ತೆಗೆಯೋದು, ಮುಂದಿನ ಸರಳು ಮಬ್ಬಾಗಿ ಕದ್ದು ನೋಡಿದಂಗೆ ಬರತ್ತೆ. ತೊಳೆದ ಸ್ಟೀಲ್ ತಟ್ಟೆಯನ್ನ ಲೆನ್ಸ್ ಕೆಳಗೆ ಹಿಡಿದ್ರೆ ನೀರಲ್ಲಿ ನಿಂತಂಗೆ ಪ್ರತಿಬಿಂಬ. ಸಂಜೆ ದೀಪ ಹಚ್ಚಿದಾಗ 1/10 ಶಟರ್, ರಿಯರ್ ಕರ್ಟನ್ ಫ್ಲ್ಯಾಶ್ (ಶಟರ್ ಮುಚ್ಚೋ ಮುಂಚೆ ಕೊನೇಲಿ ಹೊಡೆಯೋದು), ಕ್ಯಾಮೆರಾನ ಒಂಚೂರು ತಿರುಗಿಸಿ, ದೀಪಗಳು ಗೆರೆ ಎಳೀತವೆ, ಮುಖ ಮಾತ್ರ ಶಾರ್ಪ್ ಇರತ್ತೆ. ಇದು ಹತ್ತರಲ್ಲಿ ಎರಡು ಸರಿ ಬರತ್ತೆ, ಆಷಾಢದಲ್ಲಿ ಕೆಲಸ ಇರಲ್ವಲ್ಲ, ಆಗ ಮನೇಲಿ ತಮ್ಮನ್ನೋ ಬೆಕ್ಕನ್ನೋ ನಿಲ್ಲಿಸಿ ಪ್ರಾಕ್ಟೀಸ್ ಮಾಡಿ, ಬೇರೆಯವರ ಮದುವೆಯಲ್ಲಿ ಕಲೀಬೇಡಿ.

ಹೊರಗೆ ಹೋಗೋದಾದ್ರೆ ಬೆಂಗಳೂರಲ್ಲಿ ಸೂರ್ಯ ನವೆಂಬರ್‌ನಲ್ಲಿ 6ಕ್ಕೆ ಹತ್ತು ನಿಮಿಷ ಇದ್ದಂಗೇ ಮುಳುಗ್ತಾನೆ, ಜುಲೈಲಿ 6.50ರ ತನಕ ಇರ್ತಾನೆ, ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಜಾಗದಲ್ಲಿರಿ. ಹಂಪಿ ಥರ ಪುರಾತತ್ವ ಇಲಾಖೆ ಜಾಗಕ್ಕೆ ಹೋಗ್ತೀವಿ ಅಂದ್ರೆ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು, ಗೇಟ್ ಹತ್ರ ಹೋಗಿ ಗಲಾಟೆ ಮಾಡ್ಬೇಡಿ.

ಇಬ್ಬರೂ ಪ್ರತಿ ಶಾಟ್ ಆದ್ಮೇಲೆ ನಿಮ್ಮ ಮುಖ ನೋಡಿ ಸರಿ ಆಯ್ತಾ ಅಂತ ಕೇಳ್ತಿದ್ರೆ ನೀವು ಜಾಸ್ತಿ ಮಾತಾಡ್ತಿದೀರಿ. ಸ್ಕ್ರೀನ್ ತೋರಿಸ್ಬೇಡಿ, ತೋರಿಸಿದ್ರೆ ಅವಳಿಗೆ ಕಾಣೋದು ತನ್ನ ಡಬಲ್ ಚಿನ್ ಒಂದೇ, ಆಮೇಲೆ ದಿನಪೂರ್ತಿ ಕತ್ತು ಎತ್ಕೊಂಡೇ ಇರ್ತಾಳೆ.

## 9. ಊಟ ಮತ್ತೆ ಒಪ್ಪಿಸಿಕೊಡೋದು

ಪಂಕ್ತಿ ಶುರುವಾದಾಗ ಬಡಿಸೋರ ಕೈ, ಎಲೆ ತುದಿಯ ಉಪ್ಪಿನಕಾಯಿ ತೆಗೀರಿ, ಬಾಯಿ ತುಂಬಾ ಅನ್ನ ಇರೋರನ್ನ ಬಿಟ್ಬಿಡಿ. ಎರಡನೇ ಪಂಕ್ತಿಲಿ ನೀವೂ ಕೂತು ಉಣ್ಣಿ.

ಹೆಣ್ಣು ಒಪ್ಪಿಸಿಕೊಡೋ ಹೊತ್ತು ಇಡೀ ದಿನದ ಕಷ್ಟದ ಶಾಟ್. ಹತ್ರ ಹೋಗ್ಬೇಡಿ. 85 ಹಾಕ್ಕೊಂಡು ಮೂಲೇಲಿ ನಿಂತು ಹತ್ತು ಹನ್ನೆರಡು ಫ್ರೇಮ್, ಬರ್ಸ್ಟ್ ಹೊಡೀಬೇಡಿ, ಆ ಮೌನದಲ್ಲಿ ಟಕಟಕ ಸದ್ದು ಬಂದೂಕಿನ ಥರ ಕೇಳತ್ತೆ. ಅಪ್ಪಂದಿರು ಆ ಹೊತ್ತಲ್ಲಿ ಅಳೋಕೆ ಹಿತ್ತಲಿಗೆ ಹೋಗ್ತಾರೆ. ಹಿಂದೆ ಹೋಗ್ಬೇಡಿ, ಒಂದ್ಸಲ ನಾನು ಹೋಗಿದ್ದೆ, ಅವರು ನನ್ನನ್ನ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ, ಆ ಫೋಟೋನ ಅಲ್ಲೇ ಅವರ ಮುಂದೆನೇ ಅಳಿಸಿದೆ.

## 10. ಮನೆಗೆ ಬಂದ್ಮೇಲೆ

ಸ್ನಾನಕ್ಕೂ ಮುಂಚೆ ಕಾರ್ಡ್ ಕಾಪಿ ಮಾಡಿ, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ, ಮೂರನೇದು ಕ್ಲೌಡಿಗೆ. ಒಂದು ಡಿಸ್ಕ್ ಬೇರೆ ಮನೇಲಿರಲಿ. ಆಲ್ಬಮ್ ಕೈಗೆ ಕೊಡೋವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡ್ಬೇಡಿ.

ನಾಲ್ಕು ಗಂಟೆ ಹೊತ್ತಿನ ಮದುವೆಗೆ 4000 ಫೋಟೋ ಬಂದಿದ್ರೆ ನೀವು ನೋಡಿಲ್ಲ, ಹೆದರಿ ಒತ್ತಿದೀರಿ. ನಾನು 300ಕ್ಕಿಂತ ಹೆಚ್ಚು ಕೊಡಲ್ಲ. ಎರಡು ದಿನ ಬಿಟ್ಟು ಆರಿಸೋಕೆ ಕೂರಿ, ಒಂದೇ ಥರದ ಆರು ಇದ್ರೆ ಒಂದು ಇಟ್ಕೊಳ್ಳಿ, ಶಾರ್ಪ್ ಇರೋದಕ್ಕಿಂತ ಜೀವ ಇರೋದನ್ನ.

ಬಣ್ಣದ ವಿಷ್ಯಕ್ಕೆ ಬಂದ್ರೆ, ಮುಖ ಬೆಳ್ಳಗೆ ಮಾಡ್ಬೇಡಿ. ಅತ್ತೆ ಫೋನ್ ಮಾಡಿ ಸ್ವಲ್ಪ ಲೈಟ್ ಮಾಡಪ್ಪ ಅಂತಾರೆ, ಅವರಿಗೆ ಬೇಕಿರೋದು ಬ್ರೈಟ್‌ನೆಸ್ ಅಂತ ಅಂದ್ಕೊಂಡು ಫೋಟೋ ಪೂರ್ತಿ ಕಾಲು ಸ್ಟಾಪ್ ಏರಿಸಿ ಕಳಿಸಿ, ಚರ್ಮದ ಬಣ್ಣ ಮುಟ್ಟಬೇಡಿ. ಎಣ್ಣೆಗಪ್ಪು ಮುಖಕ್ಕೆ ಅರಿಶಿನದ ಹೊಳಪು ಬಂದಿರತ್ತಲ್ಲ, ಸ್ಕಿನ್ ಸ್ಮೂತ್ ಮಾಡಿದ್ರೆ ಮೊದಲು ಹೋಗೋದೇ ಅದು.

ಆಲ್ಬಮ್ ವಿಷ್ಯದಲ್ಲಿ 12x36 ಇಂಚಿನ ಕರಿಜ್ಮಾ (ಹಾಳೆ ಮೇಲೇ ಡಿಸೈನ್ ಮಾಡಿ ಪ್ರಿಂಟ್ ಹಾಕೋ ಆಲ್ಬಮ್) ಮಾಡಿಸೋಕೆ ಮನೆಯವರು ಒತ್ತಾಯ ಮಾಡ್ತಾರೆ, ಹಾಳೆಗೆ ಎಂಟು ಫೋಟೋ, ಹಿಂದೆ ಗುಲಾಬಿ ಹೂವು, ಮೋಡದಲ್ಲಿ ಜೋಡಿ. ಮಾಡಿಸಲೇಬೇಕಾದ್ರೆ ಹಾಳೆಗೆ ಎರಡು ಫೋಟೋ ಮಾತ್ರ, ಹಿಂದೆ ಖಾಲಿ ಬಿಳಿ ಅಂತ ಲ್ಯಾಬಿಗೆ ಬರೆದು ಕೊಡಿ, ಬಾಯಲ್ಲಿ ಹೇಳಿದ್ರೆ ಗುಲಾಬಿ ಬಂದೇ ಬರತ್ತೆ. ಜೊತೆಗೆ ಅಜ್ಜಿಗೆ ಅಂತ ಬೇರೆಯಾಗಿ ಒಂದು 8x10 ಪ್ರಿಂಟ್ ಹಾಕ್ಸಿ ಕೊಡಿ, ದುಡ್ಡು ಕೇಳ್ಬೇಡಿ. ನನಗೆ ಮುಂದಿನ ಮೂರು ಮದುವೆ ಅದೇ ಮನೆಯ ಗೋಡೆ ಮೇಲಿನ ಆ ಒಂದು ಪ್ರಿಂಟಿಂದ ಬಂತು.